‘ಸುಲಭ’ ಎಂದು ಬರೆದವರು

ಅವರಿಗೆ ಅಂದಾಜು ಎಂಬ ಶಬ್ದವೇ ಆಗಿಬರುತ್ತಿರಲಿಲ್ಲ. ಗಂಟೆ ಎಷ್ಟೆಂದು ಕೇಳಿದರೆ ‘ಹತ್ತೂ ಹದಿನೇಳು’ ಎನ್ನುತ್ತಿದ್ದರೇ ಹೊರತು ಹತ್ತೂಕಾಲು ಎಂದವರಲ್ಲ. ನಿನ್ನೆ ಮಳೆ ಜೋರಾಗಿ ಬಂತಲ್ಲ ಎಂದು ಲೋಕಾಭಿರಾಮವಾಗಿ ಮಾತು ತೆಗೆದವರನ್ನು ‘ಜೋರು ಅಂದ್ರೆ ಎಷ್ಟು?’ ಎಂದು ತಡೆದು ನಿಲ್ಲಿಸುತ್ತಿದ್ದರು. ಕಾಡಿನ ನಡುವಣ ನಮ್ಮ ರಾಷ್ಟ್ರೀಯ ಉದ್ಯಾನದಲ್ಲಿ ಕಾಲುದಾರಿಗಳನ್ನು ಅಳೆಯುವುದು, ಪ್ರತಿ ದಾರಿಯ ಮೊದಲಿಗೆ ನಿಲ್ಲಿಸುವ ಫಲಕಕ್ಕೆ ದೂರ, ಏರು, ಸಮಯ, ಶ್ರಮ ಇಷ್ಟನ್ನು ಬರೆದುಕೊಡುವುದು ಅವರ ಉದ್ಯೋಗ. ಅದನ್ನೇ ಒಂದಿಷ್ಟು ವಿಶೇಷಣಗಳನ್ನು ಸೇರಿಸಿ ಪ್ರವಾಸಿಗರ ಕೈಪಿಡಿಗೆ ಇಳಿಸುವುದು ನನ್ನದು. ಬೆನ್ನ ಹಿಂದೆ ನಾವೆಲ್ಲ ಅವರನ್ನು ಗಜಕಡ್ಡಿ ಎನ್ನುತ್ತಿದ್ದೆವು. ಅವರಿಗದು ಗೊತ್ತಿತ್ತು. ಒಮ್ಮೆ ನನ್ನ ಎದುರಿಗೇ, ‘ಗಜ ಈಗ ಚಾಲ್ತಿಯಲ್ಲಿಲ್ಲ, ಮೀಟರ್ ಅನ್ನಿ’ ಎಂದರು. ನಗಲಿಲ್ಲ.

ತೆಳ್ಳಗೆ ಎತ್ತರದ ಆಳು. ಬಿಸಿಲಿರಲಿ, ಚಳಿಯಿರಲಿ, ಮೊಣಕೈಯಲ್ಲಿ ತೇಪೆ ಹಾಕಿದ ಬೂದುಬಣ್ಣದ ಕೋಟು ಮೈಮೇಲೆ. ಅದರ ಏಳು ಜೇಬುಗಳಲ್ಲಿ ಯಾವುದರಲ್ಲಿ ಸೀಮೆಸುಣ್ಣದ ಕಡ್ಡಿ, ಯಾವುದರಲ್ಲಿ ಅಳತೆಪಟ್ಟಿ ಎಂಬುದು ಅವರ ಬೆರಳಿಗೆ ಕಣ್ಣಿಲ್ಲದೆಯೂ ತಿಳಿಯುತ್ತಿತ್ತು. ನಡಿಗೆಯಂತೂ ನೋಡುವ ಹಾಗಿರುತ್ತಿತ್ತು: ಅವಸರವಿಲ್ಲ, ಆಲಸ್ಯವಿಲ್ಲ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಜೊತೆಯಲ್ಲಿ ಹೋದವರು ಒಂದೋ ಓಡಬೇಕು, ಇಲ್ಲವೇ ನಿಂತು ಕಾಯಬೇಕು. ಗುಡಾರ ಮಡಿಸುವಾಗ ಅಂಚಿಗೆ ಅಂಚು ಕೂಡದಿದ್ದರೆ ಮತ್ತೆ ಬಿಚ್ಚಿ ಮೊದಲಿನಿಂದ ಮಡಿಸುತ್ತಿದ್ದ ಅವರ ಜೊತೆ ಒಂದೇ ಒಂದು ಸಲ ಬಿಡಾರ ಹೂಡಿದ ನಮ್ಮ ಗುಮಾಸ್ತರು, ಮತ್ತೆ ಅವರೊಂದಿಗೆ ಕಾಡಿಗೆ ಹೋಗುವುದಿಲ್ಲವೆಂದು ರಜೆಯ ಅರ್ಜಿಯನ್ನೇ ಬರೆದಿಟ್ಟುಕೊಂಡಿದ್ದರು.

ಇಂಥವರ ಮೇಲೂ ಅಧಿಕಾರ ಚಲಾಯಿಸುವ ಒಂದು ಜೀವವಿತ್ತು: ಅವರ ಅಕ್ಕ. ತಾಯಿ ತೀರಿಕೊಂಡಾಗ ತಮ್ಮನಿಗೆ ನಾಲ್ಕು ವರ್ಷ, ಆಕೆಗೆ ಹದಿನಾರು. ಓದು ಬಿಟ್ಟು ದೂರವಾಣಿ ಕೇಂದ್ರದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತವರು, ತಮ್ಮನನ್ನು ಓದಿಸಿ ಕೆಲಸಕ್ಕೆ ಸೇರಿಸಿದ ಮೇಲೂ ಬಹುಕಾಲ ಅಲ್ಲೇ ಕೂತಿದ್ದರು. ಅಕ್ಕತಮ್ಮ ಇಬ್ಬರೇ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಬಾಳಿದವರು. ಊರಿನ ಅರ್ಧ ಜನರ ಜಗಳ, ಪ್ರೀತಿ, ಸಾವಿನ ಸುದ್ದಿಯನ್ನು ತಂತಿಯಲ್ಲಿ ದಾಟಿಸಿದ ಆ ಕಂಠದಲ್ಲಿ ಯಾವ ಮಾತೂ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಆದ್ದರಿಂದಲೇ ಅದನ್ನು ಮೀರುವುದು ಕಷ್ಟವಾಗಿತ್ತು. ಸೊಂಟದ ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ಒಂದು ದಿನ ಆಕೆ ಹೇಳಿದರಂತೆ: ‘ಮೂವತ್ತು ವರ್ಷದಿಂದ ನಿನ್ನ ಸರೋವರದ ಕಥೆ ಕೇಳ್ತಾ ಇದೀನಿ. ಒಂದ್ಸಲ ಕರ್ಕೊಂಡು ಹೋಗಿ ತೋರ್ಸು. ರಾತ್ರಿ ಅಲ್ಲೇ ಇರೋಣ.’

ತಮ್ಮ ಯೋಚಿಸಲೇ ಇಲ್ಲ. ‘ಅದಕ್ಕೇನಕ್ಕ, ಸುಲಭದ ದಾರಿ’ ಎಂದುಬಿಟ್ಟರು.

ಸಾಮಾನು ಹೊರಲು ಇನ್ನೊಬ್ಬರು ಬೇಕಾಗಿದ್ದರಿಂದ ನಾನೂ ಹೊರಟೆ. ದಾರಿಯ ಆರಂಭದಲ್ಲಿ ಅವರೇ ಬರೆದುಕೊಟ್ಟ ಫಲಕವಿತ್ತು: ಬಿಡಾರದ ಬಯಲಿಗೆ ಮೂರು ಕಿಲೋಮೀಟರ್ ಇನ್ನೂರು ಮೀಟರ್, ಏರು ಹನ್ನೆರಡು ಮೀಟರ್, ಒಂದು ಗಂಟೆ, ಸುಲಭ. ಅಕ್ಕ ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಊರುಗೋಲನ್ನು ಬಲಗೈಗೆ ಬದಲಾಯಿಸಿಕೊಂಡು ನಡೆದರು. ಬೆಳಗಿನ ಹತ್ತು ಗಂಟೆ. ಎಡಕ್ಕೆ ಮರಗಳ ದಟ್ಟಣೆ, ಬಲಕ್ಕೆ ಸುಕ್ಕಿಲ್ಲದ ನೀರು. ಮೊದಲ ಅರ್ಧ ಕಿಲೋಮೀಟರು ಗಜಕಡ್ಡಿಯವರ ಮುಖದಲ್ಲಿ ಮಗು ತನ್ನ ಆಟಿಕೆ ತೋರಿಸುವಾಗ ಇರುವಂಥ ಬೆಳಕಿತ್ತು.

ಆಮೇಲೆ ಬೇರುಗಳು ಶುರುವಾದವು. ನಾವು ದಾಟಿಹೋಗುವ, ನೋಡಿಯೂ ನೋಡದ, ಗೇಣೆತ್ತರದ ಬೇರುಗಳು. ಒಂದೊಂದರ ಮುಂದೆಯೂ ಅಕ್ಕ ನಿಂತು, ಕೋಲೂರಿ, ಕಾಲನ್ನು ಬೇರೊಬ್ಬರದೆಂಬಂತೆ ಎತ್ತಿ ಆಚೆಗಿಡಬೇಕು. ಮುಂದೆ ತೊರೆಯ ಮೇಲೆ ಹಲಗೆಯ ಸೇತುವೆ. ಹಿಡಿಯಲು ಏನೂ ಇಲ್ಲ. ಅದನ್ನು ದಾಟಿದ ಮೇಲೆ ಆಕೆ ಕೂರುವುದಕ್ಕೆ ಜಾಗ ಕೇಳಿದರು. ಆ ದಾರಿಯುದ್ದಕ್ಕೂ ಒಂದು ಬೆಂಚಿರಲಿಲ್ಲ. ನೆಲಕ್ಕೆ ಕೂತರೆ ಏಳಲಾರರು. ಮರಕ್ಕೆ ತಮ್ಮ ಒರಗಿ ನಿಂತರು, ಅಕ್ಕ ತಮ್ಮನಿಗೆ ಒರಗಿ ನಿಂತರು. ಹೀಗೆ ಎಷ್ಟೋ ಸಲ.

ಮಧ್ಯಾಹ್ನ ಒಂದರ ಹೊತ್ತಿಗೆ ಕಲ್ಲಿನ ಮೆಟ್ಟಿಲು ಬಂತು. ಬಂಡೆಯೊಂದನ್ನು ಹತ್ತಿ ದಾಟುವುದಕ್ಕೆ ಯಾವ ಕಾಲದಲ್ಲೋ ಕಡಿದದ್ದು. ಒಂದು ಮೆಟ್ಟಿಲು ಗೇಣು, ಇನ್ನೊಂದು ಒಂದೂವರೆ.

‘ಎಷ್ಟಿದೆಯೋ ಇದು?’ ಎಂದರು ಅಕ್ಕ.

ಗಜಕಡ್ಡಿಯವರು ಮೆಟ್ಟಿಲನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ನಾನೂರು ಸಲ ಆ ದಾರಿಯಲ್ಲಿ ಹಾದುಹೋದ ಮನುಷ್ಯ ಆ ಮೆಟ್ಟಿಲನ್ನು ಎಣಿಸಿರಲಿಲ್ಲ. ಅವರ ಕೈ ಕೋಟಿನ ಜೇಬಿನಿಂದ ಜೇಬಿಗೆ ಹೋಗಿ ಬರಿದಾಗಿ ಹೊರಗೆ ಬಂತು.

‘ಗೊತ್ತಿಲ್ಲ ಅಕ್ಕ.’

‘ಹೋಗ್ಲಿ ಬಿಡು, ನಾನೇ ಎಣಿಸ್ತೀನಿ’ ಎಂದು ಆಕೆ ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ ಕೂತರು. ಕೈಯೂರಿ ಮೈಯನ್ನು ಎರಡನೆಯದಕ್ಕೆ ಎತ್ತಿದರು. ನಾನು ಮುಂದೆ ಹೋದರೆ, ‘ಅಡ್ಡ ನಿಲ್ಬೇಡಿ, ಹೀಗೆ ಹತ್ತಿದ್ರೆ ನೀರಾದ್ರೂ ಕಾಣತ್ತೆ’ ಎಂದರು. ಹೀಗೆ ಹಿಮ್ಮುಖವಾಗಿ, ಸರೋವರವನ್ನು ನೋಡುತ್ತ, ಮೆಟ್ಟಿಲಿಗೊಂದು ಸಂಖ್ಯೆ ಹೇಳುತ್ತ ಹತ್ತುತ್ತಿದ್ದಾಗ ಕೆಳಗಿನಿಂದ ಒಂದು ಸಂಸಾರ ಬಂದು ದಾರಿಗಾಗಿ ಕಾದು ನಿಂತಿತು. ಗಂಡಸು ಕೆಟ್ಟವನೇನಲ್ಲ, ಆದರೂ ಕೇಳಿಬಿಟ್ಟ: ‘ಸುಲಭದ ದಾರಿ ಅಂತ ಬೋರ್ಡಲ್ಲಿತ್ತಲ್ಲ ಅಜ್ಜಿ?’

‘ಹೌದಂತೆ. ಬರೆದೋನು ಇಲ್ಲೇ ನಿಂತಿದಾನೆ, ಕೇಳಿ. ಹದಿನಾಲ್ಕು.’

ಆ ಸಂಸಾರ ನಕ್ಕಿತು. ಅಕ್ಕನೂ ನಕ್ಕರು. ಗಜಕಡ್ಡಿಯವರು ಬಂಡೆಯ ಬದಿಗೆ ಸರಿದು ತಲೆ ತಗ್ಗಿಸಿ ನಿಂತ ರೀತಿಯನ್ನು ಕಂಡು ನನಗೆ ನಗು ಬರಲಿಲ್ಲ. ‘ಸುಲಭ’ ಎಂಬ ಅವರ ಒಂದು ಪದಕ್ಕೆ ‘ಹೂವಿನ ಹಾಸಿನಂಥ’ ಎಂದು ಕೈಪಿಡಿಯಲ್ಲಿ ಸೇರಿಸಿದವನು ನಾನು.

ಮೆಟ್ಟಿಲು ಹತ್ತೊಂಬತ್ತು. ಬಯಲು ಸೇರಿದಾಗ ಮೂರೂ ಇಪ್ಪತ್ತು. ಒಂದು ಗಂಟೆಯ ದಾರಿಗೆ ಐದು ಗಂಟೆ ಇಪ್ಪತ್ತು ನಿಮಿಷ.

ಗುಡಾರ ಎದ್ದ ಮೇಲೆ ಇನ್ನೊಂದು ಸತ್ಯ ಹೊಳೆಯಿತು: ನೆಲದ ಹಾಸಿಗೆಯಿಂದ ಅಕ್ಕ ಏಳುವುದು ಹೇಗೆ? ಗಜಕಡ್ಡಿಯವರು ಹೋಗಿ, ಸೇತುವೆಯ ದುರಸ್ತಿಗೆಂದು ಕಾವಲುಗಾರನ ಗುಡಿಸಲ ಪಕ್ಕ ಪೇರಿಸಿದ್ದ ಹಲಗೆಗಳನ್ನು ಕೇಳಿ ತಂದರು. ಅಕ್ಕನನ್ನು ಒಂದು ಮರದ ದಿಮ್ಮಿಯ ಮೇಲೆ ಕೂರಿಸಿ, ಮಂಡಿಯೂರಿ, ಆಕೆಯ ಪಾದದಿಂದ ಮೊಣಕಾಲಿನವರೆಗೆ ಅಳತೆಪಟ್ಟಿ ಹಿಡಿದರು. ನಲವತ್ತೊಂದು ಸೆಂಟಿಮೀಟರ್. ಹಲಗೆಗಳನ್ನು ಅಷ್ಟೇ ಎತ್ತರಕ್ಕೆ ಜೋಡಿಸಿ ಮಂಚ ಮಾಡಿದರು. ಅಷ್ಟು ಹೊತ್ತೂ ಆಕೆ ನೀರಿನ ಕಡೆಗೇ ನೋಡುತ್ತಿದ್ದರು. ಇಳಿಬಿಸಿಲು ಆಚೆ ದಡದ ಮರಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಿತ್ತು.

‘ಅಕ್ಕ, ತಪ್ಪಾಯ್ತು.’

‘ಯಾವುದು? ಕರ್ಕೊಂಡು ಬಂದಿದ್ದಾ, ಬರೆದಿದ್ದಾ?’

‘ಬರೆದಿದ್ದು.’

‘ಹಾಗಿದ್ರೆ ಅದನ್ನ ಆಫೀಸಲ್ಲಿ ಹೋಗಿ ಹೇಳು. ನನ್ನ ಹತ್ರ ಏನಿದೆ? ನಾನು ಆಗ್ಲೇ ಬಂದಾಯ್ತಲ್ಲ.’ ಮತ್ತೆ ನೀರಿನತ್ತ ತಿರುಗಿ, ‘ಚೆನ್ನಾಗಿದೆ ಕಣೋ. ನೀನು ಹೇಳ್ತಿದ್ದಕ್ಕಿಂತ ಚೆನ್ನಾಗಿದೆ’ ಎಂದರು.

ಮರುದಿನ ಕಾವಲುಗಾರ ದೋಣಿ ತಂದ. ಆಕೆ ಮರುಮಾತಿಲ್ಲದೆ ಹತ್ತಿ ಕೂತರು. ಹಟಕ್ಕಾಗಿ ಹಟ ಮಾಡುವ ಜಾತಿಯಲ್ಲ. ನಾನೂ ದೋಣಿಯಲ್ಲೇ ಬಂದೆ. ತಮ್ಮ ಮಾತ್ರ ದಡದ ದಾರಿಯಲ್ಲಿ ಒಬ್ಬರೇ ಹಿಂದಿರುಗಿದರು. ನೀರಿನ ಮೇಲಿಂದ ನೋಡುತ್ತೇನೆ, ಆ ಬೂದು ಕೋಟು ಹತ್ತು ಹೆಜ್ಜೆಗೊಮ್ಮೆ ಬಾಗುತ್ತದೆ, ಅಳೆಯುತ್ತದೆ, ಬರೆದುಕೊಳ್ಳುತ್ತದೆ. ಅಷ್ಟು ನಿಧಾನವಾಗಿ ಅವರು ನಡೆದದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ.

ಕಚೇರಿಯಲ್ಲಿ ಮೇಲಧಿಕಾರಿ ಎಲ್ಲವನ್ನೂ ಕೇಳಿ, ‘ಎಲ್ಲರಿಗೂ ಸುಲಭವಾಗೇ ಇದೆಯಲ್ರೀ, ಒಬ್ರಿಗೋಸ್ಕರ ಬೋರ್ಡ್ ಬದಲಾಯಿಸೋಕಾಗತ್ತಾ?’ ಎಂದರು.

‘ಎಲ್ಲರಿಗೂ ಅಂದ್ರೆ ಎಷ್ಟು ಜನಕ್ಕೆ ಸಾರ್?’

‘ನಿಮ್ಮ ಹಟ ನಿಮಗೆ. ತಪ್ಪು ಅಂತ ಬರೆದುಕೊಟ್ರೆ ನಿಮ್ಮ ಕಡತಕ್ಕೇ ಸೇರತ್ತೆ. ನಿವೃತ್ತಿ ಹತ್ರ ಬಂದಿದೆ. ಎರಡು ವರ್ಷ ಮುಂದುವರಿಸೋಣ ಅಂತಿದ್ದೆ. ಯೋಚ್ನೆ ಮಾಡಿ.’

ಆ ಎರಡು ವರ್ಷದ ಮೇಲೆ ಅವರಿಗೆ ಆಸೆಯಿತ್ತೆಂದು ನಾನು ಬಲ್ಲೆ; ಕಾಡಿಲ್ಲದ ಬೆಳಗನ್ನು ಹೇಗೆ ಕಳೆಯಬೇಕೆಂದು ಅವರಿಗೆ ತಿಳಿದಿರಲಿಲ್ಲ. ಆದರೂ ಅಂದು ಸಂಜೆಯೇ ಪತ್ರ ಬರೆದರು. ‘ಇಪ್ಪತ್ತಮೂರು ದಾರಿಗಳ ಫಲಕಗಳಲ್ಲಿ ಶ್ರಮವನ್ನು ಕುರಿತ ಪದ ನನ್ನದು. ಅದನ್ನು ನನ್ನ ಕಾಲಿನಿಂದ ಮಾತ್ರ ಅಳೆದಿದ್ದೇನೆ. ಆದ್ದರಿಂದ ಅದು ತಪ್ಪು.’ ಕೆಳಗೆ ಸಹಿ, ತಾರೀಖು, ಗಂಟೆ. ಮುಂದುವರಿಕೆ ತಪ್ಪಿತು. ಉಳಿದ ಹನ್ನೊಂದು ತಿಂಗಳಲ್ಲಿ ಅವರು ಇಪ್ಪತ್ತಮೂರು ದಾರಿಗಳನ್ನೂ ಮತ್ತೆ ನಡೆದರು, ತಮ್ಮ ಕಾಲಿನ ಅಳತೆಗಲ್ಲ: ಒಮ್ಮೆ ತುಂಬು ಗರ್ಭಿಣಿಯಾದ ಟೈಪಿಸ್ಟಳ ಜೊತೆ, ಒಮ್ಮೆ ಕಣ್ಣು ಮಂಜಾದ ಹಳೆಯ ಬಡಗಿಯ ಜೊತೆ, ಹಲವು ಸಲ ಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು. ಗುಮಾಸ್ತರು ಆಡಿಕೊಂಡರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರು ನಿವೃತ್ತರಾದ ಮರುವರ್ಷ ಫಲಕಗಳು ಬದಲಾದವು, ಮೇಲಧಿಕಾರಿಯೂ ಬದಲಾಗಿದ್ದರಿಂದ. ಈಗ ಸರೋವರದ ದಾರಿಯ ಫಲಕದಲ್ಲಿ ಸುಲಭ, ಕಠಿಣ ಎಂಬ ಯಾವ ಪದವೂ ಇಲ್ಲ. ಮೆಟ್ಟಿಲು ಎಷ್ಟು, ಎತ್ತರ ಎಷ್ಟು, ಹಿಡಿಗಂಬಿ ಎಲ್ಲಿದೆ ಎಲ್ಲಿಲ್ಲ, ಕೂರುವ ಜಾಗ ಎಷ್ಟು ದೂರಕ್ಕೆ ಎಂಬುದಷ್ಟೇ ಇದೆ. ಇಷ್ಟುದ್ದ ಯಾರು ಓದುತ್ತಾರೆ ಎಂದು ಗೊಣಗುವ ಪ್ರವಾಸಿಗರನ್ನು ನಾನು ಕಂಡಿದ್ದೇನೆ. ಕೈಪಿಡಿಯಿಂದ ನನ್ನ ಹೂವಿನ ಹಾಸೂ ಹೋಯಿತು. ಅಕ್ಕ ಮತ್ತೆ ಅಲ್ಲಿಗೆ ಹೋಗಲಿಲ್ಲ. ಒಂದ್ಸಲ ಸಾಕು, ನೋಡಿದೀನಲ್ಲ ಎನ್ನುತ್ತಾರೆ.

ತಪ್ಪೇ ಮಾಡದ ಮಹನೀಯರನ್ನು ನಾನು ನೋಡಿಲ್ಲ. ಮಾಡಿದ ತಪ್ಪನ್ನು ಸಮರ್ಥಿಸಿಕೊಳ್ಳುವ ಜಾಣರು ಬೇಕಾದಷ್ಟು ಸಿಕ್ಕಿದ್ದಾರೆ. ಈ ಎರಡು ಬಗೆಯವರ ನಡುವೆ ವಿರಳವಾದ ಇನ್ನೊಂದು ಕುಲವಿದೆ. ತಾವು ಬರೆದ ಒಂದು ಪದದ ಕೆಳಗೆ ಯಾರೋ ಬಳಲಿ ನಿಂತದ್ದನ್ನು ಕಂಡ ಮೇಲೆ, ಆ ಪದವನ್ನು ಹಿಂತೆಗೆದುಕೊಳ್ಳದೆ ಅವರಿಗೆ ನಿದ್ದೆ ಬರುವುದಿಲ್ಲ. ಅಂಥವರ ಜೊತೆ ಕೆಲಸ ಮಾಡುವುದು ಕಿರಿಕಿರಿ, ಸಂಸಾರ ಮಾಡುವುದು ಇನ್ನೂ ಕಷ್ಟವಿರಬಹುದು. ಆದರೆ ಗುರುತಿಲ್ಲದ ಯಾರೋ ಒಬ್ಬರು, ಕುಂಟುವ ತಾಯಿಯ ಕೈಹಿಡಿದು ಕಾಡಿನ ಬಾಯಲ್ಲಿ ನಿಂತು, ಹೋಗಬಹುದೋ ಬಾರದೋ ಎಂದು ಫಲಕ ಓದುವ ಹೊತ್ತಿನಲ್ಲಿ, ಅದನ್ನು ಬರೆದವರು ಆ ಕುಲಕ್ಕೆ ಸೇರಿದವರಾಗಿರಲಿ ಎಂದು ಯಾರಾದರೂ ಬಯಸುತ್ತಾರೆ.