ಬಾಲನ್ ಜಾಗಕ್ಕೆ ಕಟ್ಟಿದ್ದು

ಬಿನೊಂಕೊ ದ್ವೀಪದಲ್ಲಿ ಸಂಜೆಯ ನಮಾಜು ಮುಗಿದರೆ ರೇಡಿಯೋ ಇಟ್ಟ ಮನೆಯಲ್ಲಿ ಜನ ತುಂಬುತ್ತಾರೆ. ದೂರ ಹೋದ ದೋಣಿಗಳು ಊರಿನೊಂದಿಗೆ ಮಾತಾಡುವ ಹೊತ್ತು ಅದು. ಒಂದು ದೋಣಿ ಮಾತಾಡುವಾಗ ಉಳಿದವು ನಡುವೆ ಬಾಯಿ ಹಾಕುವಂತಿಲ್ಲ, ಹಿರಿಯರ ಕಟ್ಟಳೆ.

ಬಿರುಗಾಳಿ ಎದ್ದ ಸಂಜೆಯಿಂದ ವಾ ಮಿನಾಳ ಗಂಡ ಲಾ ಹಾಡಿಯ ದೋಣಿಯ ಸುದ್ದಿಯಿಲ್ಲ. ಅವಳು ದಿನಾ ಬಂದು ಮೈಕು ಹಿಡಿದು, "ಎಲ್ಲಿದೀರಿ? ನಾನು ಕೇಳ್ತಾ ಇದೀನಿ" ಎನ್ನುವಳು. ರೇಡಿಯೋ ಪೆಟ್ಟಿಗೆಯಲ್ಲಿ ಯಾವ ದೋಣಿಯ ದನಿಯೂ ಇಲ್ಲ, ಬರುತ್ತಿದ್ದುದು ಬರೀ ಚರಚರ ಸದ್ದು.

"ಮಾಮಾ, ಪೆಟ್ಟಿಗೆಯೊಳಗೆ ಮೀನು ಹುರೀತಿದೀಯೇನು? ನಮಗೂ ಒಂದು ತುಂಡು ಕೊಡು," ಎಂದಳು ನೆರೆಮನೆಯ ವಾ ಸುಮಿ. ಯಾರೂ ನಗಲಿಲ್ಲ.

"ಗಾಳಿ ಸದ್ದು ಕಣೇ. ಗಾಳಿ ಇಳಿದ್ರೆ ಅದೂ ಇಳಿಯುತ್ತೆ," ಎಂದ ರೇಡಿಯೋ ನೋಡಿಕೊಳ್ಳುವ ಮುದುಕ ಲಾ ಬಹಾರು.

ಗಾಳಿ ಇಳಿಯಿತು. ಸದ್ದು ಇಳಿಯಲಿಲ್ಲ. ಆ ಸಂಜೆ ಏಳಲು ಹೋದ ಮಿನಾ ಆಸರೆಗೆ ಗೋಡೆಗುಂಟ ಇಳಿದಿದ್ದ ಆಂಟೆನಾ ಕೇಬಲ್ಲನ್ನು ಹಿಡಿದುಕೊಂಡಳು. ಸದ್ದು ತಗ್ಗಿತು. ಕೈ ಬಿಟ್ಟಳು, ಮತ್ತೆ ಎದ್ದಿತು.

ಮುದುಕನ ಮುಖ ಕಪ್ಪಿಟ್ಟಿತು. "ಮೇಲೆ ಆಂಟೆನಾಕ್ಕೂ ಕೇಬಲ್ಲಿಗೂ ನಡುವೆ ಬಾಲನ್ ಅನ್ನೋ ಸುರುಳಿ ಇತ್ತು, ಉಪ್ಪುಗಾಳಿಗೆ ಸವೆದುಹೋಗಿತ್ತು. ಬಿರುಗಾಳಿಗೆ ಮುಂಚೆ ಆ ಜಾಗಕ್ಕೆ ನಾನೇ ಹಳೇ ಟ್ರಾನ್ಸ್‌ಫಾರ್ಮರ್ ಕಟ್ಟಿದೆ. ಮೀಟರಿನ ಮುಳ್ಳು ಸರಿ ಅಂತು, ನಂಬಿದೆ."

"ಎರಡೂ ತಂತಿ ಸುತ್ತಿದ ಉಂಡೇನೇ ಅಲ್ವಾ?" ಎಂದಳು ಮಿನಾ.

"ನೋಡೋಕೆ ಹಾಗೇ, ತಾಯಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಏರಿಸುತ್ತೆ, ಇಳಿಸುತ್ತೆ. ಬಾಲನ್ ಕೆಲಸ ಬೇರೆ. ಆಂಟೆನಾದ ಎರಡು ತೋಳಿಗೂ ಕರೆಂಟು ಸಮ ಹಂಚಬೇಕು, ಕೇಬಲ್ಲಿನ ಹೊರಮೈ ಮೇಲೆ ಹರಿಯೋದನ್ನ ತಡೀಬೇಕು. ಕೆಲವು ಟ್ರಾನ್ಸ್‌ಫಾರ್ಮರ್ ಎರಡೂ ಕೆಲಸ ಮಾಡ್ತವೆ. ಇದು ಮಾಡ್ಲಿಲ್ಲ. ಕೇಬಲ್ಲೇ ಆಂಟೆನಾ ಆಗಿ ನಮ್ಮ ಜನರೇಟರ್ ಗಲಾಟೆಯನ್ನೇ ನಮಗೆ ಕೇಳಿಸಿದೆ."

ಮರುದಿನ ಮುದುಕ ಕಂಬ ಹತ್ತಿ ಆ ಟ್ರಾನ್ಸ್‌ಫಾರ್ಮರ್ ಕಿತ್ತ. ಆಂಟೆನಾದ ಬುಡದಲ್ಲಿ ಕೇಬಲ್ಲನ್ನೇ ಸುರುಳಿ ಸುತ್ತಿ ಬಾಲನ್ ಮಾಡಿದ.

ಸಂಜೆ ಪೆಟ್ಟಿಗೆಯ ಚರಚರ ನಿಂತಿತ್ತು. ಮಿನಾ ಕರೆದಳು. ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟವಾಗಿ ಉತ್ತರ ಬಂತು. ಗಂಡನ ದನಿಯಲ್ಲ, ಬೇರೊಂದು ದೋಣಿಯ ಲಾ ಸಾರುವಿನದು.

"ಅತ್ತಿಗೆ, ಹಾಡಿ ಅಣ್ಣ ಸಿಕ್ಕಿದ್ನಾ?"

"ಎಲ್ಲಿ ಸಿಗ್ತಾರಪ್ಪ? ಸುದ್ದೀನೇ ಇಲ್ಲ."

"ಗಾಳಿ ಎದ್ದ ಸಂಜೆ ಕೂಗ್ತಾನೇ ಇದ್ದ. ನೀರು ನುಗ್ತಿದೆ, ಹವಳದ ಬಂಡೆ ಹತ್ತಿರ ಇದೀನಿ ಅಂತ. ನೀವು 'ಕೇಳ್ತಾ ಇದೀನಿ' ಅಂದ್ರಲ್ಲ. ಊರಿಗೆ ಗೊತ್ತಾಯ್ತು ಅಂದ್ಕೊಂಡು ನಾವು ಬಾಯಿ ಹಾಕಲಿಲ್ಲ."

ಮಿನಾ ಗುಂಡಿ ಒತ್ತಿ, "ಯಾವ ಬಂಡೆ?" ಎಂದಳು.

ಅವನು ಹೆಸರು ಹೇಳಿದ. ಕೂತಿದ್ದ ಗಂಡಸರು ದೋಣಿ ತಳ್ಳಲು ಎದ್ದರು. ಅಷ್ಟು ದಿನ ಕಳೆದ ಮೇಲೆ ಅವಸರ ಮಾತ್ರ ಯಾರ ಕಾಲಲ್ಲೂ ಇರಲಿಲ್ಲ.