ಕಡೆಯದಾಗಿ ಸೀನಿದವರು ಮೊದಲು

ನಮ್ಮ ಮೇಲಧಿಕಾರಿಗೆ ಮುಖಸ್ತುತಿ ಕಂಡರಾಗದು. ಊಟದ ಬಿಡುವಿನಲ್ಲಿ ಅವರು, ಬೆರಳಚ್ಚುಗಾರ್ತಿ, ಉಗ್ರಾಣದವನು ಮತ್ತು ನಾನು ಲೂಡೊ ಹಾಸಿನ ಸುತ್ತ ಕೂರುತ್ತಿದ್ದೆವು. "ಸರ್, ನೀವೇ ಶುರು ಮಾಡಿ" ಎಂದರೆ ಸಾಕು, ಮುಖ ಗಂಟಿಕ್ಕುತ್ತಿದ್ದರು.

"ಛೆ ಛೆ, ಇಲ್ಲಿ ಎಲ್ಲರೂ ಒಂದೇ ಕಣ್ರೀ. ಏನಾದ್ರೂ ನಿಯಮ ಮಾಡಿ."

ಆದರೆ ನಿಯಮದ ಪ್ರಕಾರ ಬೇರೆಯವರು ಶುರು ಮಾಡಿದ ದಿನ ಮಧ್ಯಾಹ್ನ ಒಂದು ಕಡತಕ್ಕೂ ಸಹಿ ಬೀಳುತ್ತಿರಲಿಲ್ಲ.

ನಿಯಮ ಮಾಡುವ ಕೆಲಸ ನನ್ನ ತಲೆಗೆ ಬಂತು. ನಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನು. ಪದಗಳ ವಿಷಯದಲ್ಲಿ ಜೋಪಾನ ಎಂದು ಹೆಸರು. ಬೆಳಗಿನಿಂದಲೇ ಅವರ ಮೇಲೊಂದು ಕಣ್ಣಿಟ್ಟಿರುತ್ತಿದ್ದೆ. ಹೊಸ ಚಪ್ಪಲಿ ಮೆಟ್ಟಿ ಬಂದರೆ, "ಇತ್ತೀಚೆಗೆ ಚಪ್ಪಲಿ ಕೊಂಡವರು ಮೊದಲು". ಷರಟಿನದೊಂದು ಗುಂಡಿ ಕಿತ್ತುಹೋಗಿದ್ದರೆ, "ಗುಂಡಿ ಕಳೆದುಕೊಂಡವರು ಮೊದಲು". "ಅರೆ, ನಾನೇನಾ!" ಎಂದು ಅವರು ದಿನವೂ ಹೊಸದಾಗಿ ಬೆರಗಾಗುತ್ತಿದ್ದರು.

ಆ ದಿನ ನನಗೆ ರಜೆ ಬೇಕೇ ಬೇಕಿತ್ತು. ತಂಗಿಗೆ ದಿನ ತುಂಬಿತ್ತು, ಅವಳ ಜೊತೆಗೆ ಮನೆಯಲ್ಲಿ ಇನ್ನೊಂದು ಜೀವವಿರಲಿಲ್ಲ. ಸಂಜೆಯ ರೈಲು ಹಿಡಿಯಬೇಕು. ಅರ್ಜಿ ಅವರ ಮೇಜಿನ ಮೇಲೆ ಹಾಗೇ ಬಿದ್ದಿತ್ತು.

ಊಟಕ್ಕೆ ಏಳುವ ಮುನ್ನ ಅವರು ಕಿಟಕಿಯ ಗಾಜು ಅದುರುವಂತೆ ಸೀನಿದರು. ನನಗೆ ಹೋದ ಜೀವ ಬಂದಂತಾಯಿತು.

"ಇವತ್ತು," ಎಂದೆ ಹಾಸು ಬಿಡಿಸುತ್ತ, "ಕಡೆಯದಾಗಿ ಸೀನಿದವರು ಮೊದಲು."

"ಅರೆ, ನಾನೇ..." ಎಂದು ಅವರು ದಾಳ ಎತ್ತಿಕೊಂಡರು.

"ಆಕ್ಷೀ!" ಎಂದಳು ಬೆರಳಚ್ಚುಗಾರ್ತಿ.

ಉಗ್ರಾಣದವನು ಸೂರು ನೋಡತೊಡಗಿದ.

"ನಂದೇ ಆಯ್ತಲ್ಲ! ಕೊಡಿ ಸರ್," ಅವಳು ಕೈ ಚಾಚಿದಳು. "ಇಷ್ಟು ದಿನ ಚಪ್ಪಲೀನೂ ಕೂಡಿ ಬರ್ಲಿಲ್ಲ, ಗುಂಡೀನೂ ಕೂಡಿ ಬರ್ಲಿಲ್ಲ. ಮೂಗಾದ್ರೂ ಕೈ ಹಿಡೀತು."

"ನಿಯಮ ಅಂದ್ಮೇಲೆ ನಿಯಮ," ಎಂದರು ಅವರು, ದಾಳ ಬಿಡದೆ. "ಆದ್ರೆ ಅದು ಸೀನೋ, ಕೆಮ್ಮೋ?"

"ಶೀತ ಆದಾಗ ಎರಡೂ ಒಂದೇ ಥರ ಕೇಳ್ಸುತ್ತೆ ಸರ್," ಎಂದ ಉಗ್ರಾಣದವನು. ಅವನ ಬಡ್ತಿಯೂ ಸಹಿಗೆ ಕಾದಿತ್ತು.

"ಲೋ, ನಿನ್ನ ನಾಲಿಗೆಗೇನು ಮೂಳೆ ಇಲ್ವಾ?" ಎಂದು ಬೆರಳಚ್ಚುಗಾರ್ತಿ ಅವನತ್ತ ತಿರುಗಿದಳು.

"ಜಗಳ ಬೇಡ. ನೀವೇ ಹೇಳ್ಬಿಡಿ," ಅವರು ನನ್ನತ್ತ ತಿರುಗಿದರು. "ಪದದ ವಿಷಯದಲ್ಲಿ ನೀವು ತಪ್ಪು ಮಾಡಲ್ಲ."

ಬೆರಳಚ್ಚುಗಾರ್ತಿ ನನ್ನನ್ನೇ ನೋಡುತ್ತಿದ್ದಳು. ಮೂಗು ಕೆಂಪಾಗಿತ್ತು, ತುದಿಯಲ್ಲಿ ಹನಿಯೊಂದು ನಿಂತಿತ್ತು. ನನಗೆ ಮಾತ್ರ, ಸೊಂಟದ ಮೇಲೆ ಕೈಯಿಟ್ಟು ಬಾಗಿಲ ಕಡೆ ನೋಡುತ್ತ ನಿಂತ ತಂಗಿ ಕಂಡಳು.

"ಕೆಮ್ಮು," ಎಂದೆ. "ಒಣ ಕೆಮ್ಮು."

"ನೋಡಿದ್ರಾ! ಪಕ್ಷಪಾತ ಇಲ್ದೆ ಇತ್ಯರ್ಥ ಆಯ್ತು," ಎಂದು ಅವರು ದಾಳ ಉರುಳಿಸಿದರು. ಒಂದು ಬಿತ್ತು. ಬಿಡುವು ಮುಗಿದರೂ ಅವರ ಒಂದು ಕಾಯಿಯೂ ಮನೆ ಬಿಟ್ಟು ಹೊರಬರಲಿಲ್ಲ. ಅದಕ್ಕೆ ಅವರಿಗೆ ಬೇಸರವೇನೂ ಇರಲಿಲ್ಲ. ಸಿಳ್ಳೆ ಹಾಕುತ್ತ ಹೋಗಿ ನನ್ನ ಅರ್ಜಿಗೆ ಸಹಿ ಮಾಡಿದರು.

ಸಂಜೆ ಚೀಲ ಹೆಗಲಿಗೇರಿಸಿಕೊಂಡು ಹೊರಟೆ. ಬೆರಳಚ್ಚುಗಾರ್ತಿ ಯಂತ್ರದಿಂದ ತಲೆಯೆತ್ತಲಿಲ್ಲ. ನಾನು ಬಾಗಿಲು ದಾಟುವಾಗ ಇಡೀ ಕೋಣೆಗೆ ಕೇಳುವಂತೆ ಸೀನಿದಳು.

"ಬರೋವಾಗ ಕೆಮ್ಮಿನ ಔಷಧಿ ತಗೊಂಡು ಬಾರೇ, ತಾಯಿ," ಎಂದಳು.