ಖಾಲಿ ಹೊಟ್ಟೆ

ಮದುವೆಯಾದ ಹೊಸತರಲ್ಲಿ ದರ್ಜಿಯ ಹೆಂಡತಿ ಒಮ್ಮೆ ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಳು. ಕೇಳಿದಾಗ, ಹೌದು ತಿಂದೆ ಎಂದು ತಾನೇ ಒಪ್ಪಿಕೊಂಡಳು. ಅಂದಿನಿಂದ ಕದ್ದು ತಿನ್ನುವವಳು ಎಂಬ ಹೆಸರು ಅಂಟಿತು. ಹಾಗಾಗಿ ಉಂಡ ಮೇಲೆ ಬಲಪಕ್ಕೆಯ ಕೆಳಗೆ ನೋವು ಎಂದಾಗಲೆಲ್ಲ ಗಂಡ, ಬಾಯಿ ಕಟ್ಟಿದರೆ ಹೊಟ್ಟೆ ತಾನೇ ಸುಮ್ಮನಾಗುತ್ತದೆ ಎನ್ನುತ್ತಿದ್ದ. ಉಪದೇಶಕ್ಕೇನು, ಬಿಟ್ಟಿ ಸಿಗುತ್ತದೆ. ಹೀಗೆಯೇ ವರ್ಷಗಳು ಕಳೆದವು.

ನೋವು ತಾಳಲಾರದೆ ಅವಳು ನೆಲಕ್ಕೆ ಕುಸಿದ ಮೇಲೆ ಸ್ಕ್ಯಾನಿಂಗಿಗೆ ಕರೆದೊಯ್ದ. ಖಾಲಿ ಹೊಟ್ಟೆಯಲ್ಲಿ ಬಂದರೆ ಮಾತ್ರ ಪಿತ್ತಕೋಶ ತುಂಬಿಕೊಂಡು ಚೆನ್ನಾಗಿ ಕಾಣುತ್ತದೆ ಎಂದು ಮೊದಲೇ ಹೇಳಿದ್ದರು. ಮಬ್ಬುಗತ್ತಲೆಯ ಕೋಣೆಯಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ ನೋಡಿದ ಹುಡುಗಿ ಹುಬ್ಬು ಗಂಟಿಕ್ಕಿದಳು. ಪಿತ್ತಕೋಶ ಮುದುರಿಕೊಂಡಿದೆ, ಏನೋ ತಿಂದು ಬಂದಿದ್ದೀರಿ, ನಾಳೆ ಬನ್ನಿ ಎಂದಳು. ಹೆಂಡತಿ, ಏನೂ ತಿಂದಿಲ್ಲ ಎಂದಳು. ದರ್ಜಿಗೆ ಮಾನ ಹೋದಂತಾಯಿತು. ಹೊರಗೆ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವಂತೆ, "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ವಾ?" ಎಂದ. ಯಾರೋ ನಕ್ಕರು. ಅವಳು ಗೋಡೆಯ ಕಡೆ ತಿರುಗಿಕೊಂಡಳು.

ಮರುದಿನ ಅವನು ಅಡುಗೆಮನೆಗೆ ಬೀಗ ಜಡಿದು, ಅವಳನ್ನು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡ. ಹಸಿದ ಹೊಟ್ಟೆಯಲ್ಲೇ ಅವಳು ಗಿರಾಕಿಗಳ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಮಧ್ಯಾಹ್ನ ಮತ್ತೆ ಅದೇ ಕೋಣೆ, ಅದೇ ಹುಡುಗಿ, ಅದೇ ಮಾತು. ಈ ಸಲ ದರ್ಜಿಯೇ ಮುಂದೆ ಬಂದ. ಬೆಳಗಿನಿಂದ ತಾನೇ ಕಾವಲಿದ್ದೆ, ಒಂದು ಅಗುಳೂ ಅವಳ ಹೊಟ್ಟೆಗೆ ಹೋಗಿಲ್ಲ ಎಂದ. ಹುಡುಗಿ ಗಾಬರಿಯಿಂದ ಹಿರಿಯ ಡಾಕ್ಟರನ್ನು ಕರೆತಂದಳು.

ಡಾಕ್ಟರು ಬಹಳ ಹೊತ್ತು ನೋಡಿದರು. ಪಿತ್ತಕೋಶದ ದಪ್ಪಗಾದ ಗೋಡೆಯನ್ನೂ ಅದರೊಳಗಿನ ಕಲ್ಲುಗಳ ಹಿಂದೆ ಬಿದ್ದ ಕಪ್ಪು ನೆರಳನ್ನೂ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

"ಯಜಮಾನ್ರೇ, ಇದು ತಿಂದು ಮುದುರಿದ್ದಲ್ಲ. ವರ್ಷಗಟ್ಟಲೆ ಉರಿಯೂತ ಆಗಿ ಆಗಿ ಸುರುಟಿಹೋಗಿದೆ. ಇಷ್ಟು ದಿನ ಹೇಗೆ ತಡ್ಕೊಂಡ್ರೋ."

ಗೋಡೆಯ ಒಂದು ಕಡೆ ತಮಗೆ ಸರಿಕಾಣುತ್ತಿಲ್ಲ, ಆಪರೇಷನ್ ಮಾಡಿ ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆಯೇ ಅದೇನೆಂದು ಹೇಳಲಾದೀತು, ಮೊದಲೇ ಬರಬೇಕಿತ್ತು ಎಂದರು. ಹುಡುಗಿ ತಪ್ಪಾಯಿತೆಂದು ಅವಳ ಕೈ ಹಿಡಿದಳು. ದರ್ಜಿಗೆ ಅಷ್ಟನ್ನು ಹೇಳುವ ಧೈರ್ಯವೂ ಬರಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಭಯವಾಗಿತ್ತು.

ಡಾಕ್ಟರೂ ಹುಡುಗಿಯೂ ಹೊರಗೆ ಹೋದ ಮೇಲೆ, ಅವಳ ಹೊಟ್ಟೆಗೆ ಅಂಟಿದ್ದ ಜೆಲ್ಲನ್ನು ತಾನೇ ಒರೆಸತೊಡಗಿದ. ಪಕ್ಕೆಯ ಬಳಿ ಕೈ ತುಸು ಒತ್ತಿತು. ಅವಳ ಮೈ ಸೆಟೆದು, ತುಟಿ ಬಿಳಚಿಕೊಂಡಿತು.

"ನೋವಾಯ್ತಾ?" ಎಂದು ಕೇಳಿದ.

"ಇಲ್ಲ ರೀ."

ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದೇ.